ಪೋಲ್‌ವಾಲ್ಟ್ (ಕೋಲು ಊರಿ ಎತ್ತರ ಹಾರುವ ಆಟ): ಮೀಟ್ (ಸ್ಪರ್ಧೆ) ಇಲ್ಲದ ತಿಂಗಳುಗಳಲ್ಲಿ ಏನು ಮಾಡಿಸಬೇಕು? ಕೋಚ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ದೈಹಿಕ ಶಿಕ್ಷಕರು, ಹಾಸನ ಜಿಲ್ಲೆ):
ನಮಸ್ಕಾರ ಸರ್. ನಮ್ಮ ಕಾಲೇಜಿನ ಪ್ರಥಮ ಪಿಯುಸಿ ಹುಡುಗಿ ಈ ಸಲ 2.90 ಮೀಟರ್ ಹಾರಿದ್ದಾಳೆ. ಇನ್ನು ಏಪ್ರಿಲ್‌ವರೆಗೆ ಅವಳಿಗೆ ಮೀಟ್ ಇಲ್ಲ. ನಮ್ಮೂರಲ್ಲಿ ಫೋಮ್ ಪಿಟ್ (ಹಾರಿ ಬೀಳುವ ಮೆತ್ತೆ) ಇಲ್ಲ, ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋದರೆ ಹೆಚ್ಚು. ಇರೋದು ಎರಡು ಹಳೇ ಪೋಲ್. ಹಾರದೇ ಇದ್ದರೆ ಕಲಿತದ್ದೆಲ್ಲ ಮರೆತುಹೋಗುತ್ತಾ ಅನ್ನೋದೇ ಚಿಂತೆ. ಮೊಣಕಾಲ ಕೆಳಗೆ, ಮುಂಭಾಗದ ಮೂಳೆ ನೋಯುತ್ತೆ ಅಂತಲೂ ಹೇಳ್ತಾಳೆ.

ಉತ್ತರ:
ನಮಸ್ಕಾರ ಸರ್. ಮೊದಲು ನೋವಿನ ವಿಷಯ. ಮೂಳೆಯ ಒಳಅಂಚಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಗೇಣುದ್ದ ಹರಡಿಕೊಂಡ ನೋವಾದರೆ ಓಟ ಕಡಿಮೆ ಮಾಡಿ, ಗಟ್ಟಿ ನೆಲ ಬಿಟ್ಟು ಹುಲ್ಲಿನ ಮೇಲೆ ಓಡಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ಬಿಂದುವಿನಲ್ಲಿ ಚುಚ್ಚಿದಂತೆ ನೋವು, ರಾತ್ರಿ ಮಲಗಿದಾಗಲೂ ನೋವು ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಆಗ ಓಟ ನಿಲ್ಲಿಸಿ, ಮೂಳೆ ಡಾಕ್ಟರ್‌ಗೆ ತೋರಿಸಿ. ಹಿಂದಕ್ಕೆ ಬಾಗಿದಾಗ ಸೊಂಟ ನೋಯುತ್ತಾ ಅಂತಲೂ ಕೇಳಿ. ಟೇಕ್‌ಆಫ್‌ನಲ್ಲಿ, ಅಂದರೆ ನೆಲ ಬಿಡುವಾಗ, ಬೆನ್ನು ಬಿಲ್ಲಾಗುವ ಆಟ ಇದು, ಬೆಳೆಯುವ ಮಕ್ಕಳ ಸೊಂಟದ ಮೂಳೆಗೂ ಇಂಥ ಬಿರುಕು ಬರುತ್ತದೆ.

ಎರಡು–ಮೂರು ವಾರ ಪೋಲ್ ಮುಟ್ಟಿಸಬೇಡಿ. ಈಜಲಿ, ಬ್ಯಾಡ್ಮಿಂಟನ್ ಆಡಲಿ, ನಿದ್ದೆ ಮಾಡಲಿ.

ಆಮೇಲಿನ ತಿಂಗಳುಗಳಿಗೆ ನನ್ನ ಮಾತು ಒಂದೇ: ಈ ಕಾಲ ಪೋಲ್ ಹಿಡಿದು ವೇಗವಾಗಿ ಓಡೋದನ್ನು ಕಲಿಯಲು. ಓಟದ ವೇಗವೇ ಎತ್ತರವಾಗಿ ಬದಲಾಗುತ್ತದೆ. ಸೆಕೆಂಡಿಗೆ 7 ಮೀಟರ್ ವೇಗದಲ್ಲಿರುವ ಶಕ್ತಿ ದೇಹದ ತೂಕದ ಕೇಂದ್ರವನ್ನು ಸುಮಾರು 2.50 ಮೀಟರ್ ಮೇಲೆತ್ತಬಲ್ಲದು, ವೇಗ 7.5 ಆದರೆ ಸುಮಾರು 2.87. ಅರ್ಧ ಮೀಟರ್ ವೇಗಕ್ಕೆ 37 ಸೆಂ.ಮೀ. ಪ್ಲಾಂಟ್‌ನಲ್ಲಿ, ಅಂದರೆ ಪೋಲ್ ಊರುವಾಗ, ಸ್ವಲ್ಪ ಸೋರಿಹೋಗುತ್ತದೆ, ಅಷ್ಟೂ ಕೈಗೆ ಬರಲ್ಲ. ಆದರೂ ಐದು ತಿಂಗಳಲ್ಲಿ ಇಷ್ಟು ಲಾಭ ಕೊಡುವ ಬೇರೆ ಕೆಲಸ ನನಗೆ ಗೊತ್ತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ 6.30 ಹಾರಿದ ಸ್ವೀಡನ್‌ನ ಡುಪ್ಲಾಂಟಿಸ್, ಅದಕ್ಕೆ ಒಂದು ವರ್ಷ ಮೊದಲು ಜ್ಯೂರಿಕ್‌ನಲ್ಲಿ 100 ಮೀಟರನ್ನು 10.37 ಸೆಕೆಂಡಿನಲ್ಲಿ ಓಡಿದ್ದರು. ಅವರು ಅಷ್ಟು ಎತ್ತರ ಹಾರೋದಕ್ಕೆ ಮೊದಲ ಕಾರಣ ಆ ಓಟ.

ಬರೀ ಕೈಯಲ್ಲಿ ಓಡುವ ವೇಗ ಮತ್ತು ಪೋಲ್ ಹಿಡಿದಾಗಿನ ವೇಗ, ಎರಡನ್ನೂ ಬೇರೆ ಬೇರೆ ಅಳೆಯಿರಿ. ಫೋನಿನ ಸ್ಲೋ ಮೋಷನ್ ಸಾಕು. ಬಾಕ್ಸ್‌ನಿಂದ (ಪೋಲ್ ಊರುವ ಗುಳಿಯಿಂದ) 10 ಮೀಟರ್ ದೂರದಲ್ಲಿ ಒಂದು ಗುರುತು, 5 ಮೀಟರ್‌ನಲ್ಲಿ ಒಂದು. ಈ ಐದು ಮೀಟರ್‌ಗೆ 0.71 ಸೆಕೆಂಡ್ ಆದರೆ ವೇಗ 7, 0.67 ಆದರೆ 7.5. ಹೆಚ್ಚಿನ ಮಕ್ಕಳಲ್ಲಿ ಪೋಲ್ ಹಿಡಿದ ತಕ್ಷಣ ಭುಜ ಬಿಗಿಯಾಗುತ್ತದೆ, ಮಂಡಿ ಮೇಲೇಳಲ್ಲ, ಕೊನೆಯ ಹೆಜ್ಜೆಗಳು ಉದ್ದವಾಗಿ ವೇಗ ಬೀಳುತ್ತದೆ. ಆ ಎರಡು ವೇಗಗಳ ನಡುವಿನ ಅಂತರ ಕಡಿಮೆ ಮಾಡೋದೇ ಈಗಿನ ಕೆಲಸ. ಇದಕ್ಕೆ ಪಿಟ್ ಬೇಕಿಲ್ಲ.

ಓಟದ ಶುರುವಿನಲ್ಲಿ ಪೋಲ್ ತುದಿ ಎತ್ತರದಲ್ಲಿರಲಿ, ಓಡುತ್ತಾ ನಿಧಾನವಾಗಿ ಇಳಿಯಲಿ. ಮೊದಲೇ ಅಡ್ಡ ಹಿಡಿದರೆ ತುದಿಯ ಭಾರ ಎಡಗೈಯನ್ನು ಜಗ್ಗುತ್ತದೆ, ಅವಳು ಹಿಂದಕ್ಕೆ ವಾಲಿ ಓಡಬೇಕಾಗುತ್ತದೆ. ಬಲಗೈಯವಳಾದರೆ ಕೊನೆಯ ಮೂರು ಹೆಜ್ಜೆ ಎಡ–ಬಲ–ಎಡ: ಕೈ ಸೊಂಟದಿಂದ ಹೊರಟು, ಕಿವಿಯ ಪಕ್ಕ ಬಂದು, ತಲೆಯ ಮೇಲೆ ನೇರವಾಗಬೇಕು. ಇದನ್ನು ನಡೆಯುತ್ತಾ, ಆಮೇಲೆ ಜಾಗ್ ಮಾಡುತ್ತಾ, ಕೊನೆಗೆ ಪೂರ್ತಿ ವೇಗದಲ್ಲಿ. ನಡಿಗೆ, ಜಾಗ್‌ನದ್ದನ್ನು ದಿನಾ ಮಾಡಿಸಿ. ಬೇಸರ ಬರುವಷ್ಟು ಮಾಡಿದ ಮೇಲೇ ಅದು ಮೈಗೆ ಹತ್ತೋದು.

ಪ್ರಶ್ನೆ (ಅದೇ ಹುಡುಗಿಯ ತಾಯಿ):
ಸರ್, ಜಿಮ್‌ಗೆ ಕಳಿಸಿ ಅಂತ ಮೇಷ್ಟ್ರು ಹೇಳಿದ್ದಾರೆ. ತೂಕ ಎತ್ತಿದರೆ ಎತ್ತರ ಬೆಳೆಯಲ್ಲ, ಮೈ ದಪ್ಪ ಆಗುತ್ತೆ ಅಂತಾರಲ್ಲ? ಹಗುರ ಇರಬೇಕು ಅಂತ ಅವಳು ರಾತ್ರಿ ಊಟವೇ ಬಿಡ್ತಿದ್ದಾಳೆ.

ಉತ್ತರ:
ಅಮ್ಮಾ, ಸರಿಯಾಗಿ ಕಲಿಸುವವರು ಪಕ್ಕದಲ್ಲಿದ್ದರೆ ತೂಕದ ವ್ಯಾಯಾಮದಿಂದ ಎತ್ತರ ನಿಲ್ಲಲ್ಲ. ಮೊದಲ ತಿಂಗಳು ಬರೀ ದೇಹದ ತೂಕವೇ ಸಾಕು: ಬಸ್ಕಿ, ಪುಲ್‌ಅಪ್, ಹಗ್ಗ ಹತ್ತೋದು.

ರಾತ್ರಿ ಊಟ ಬಿಡೋದನ್ನು ಮಾತ್ರ ಇವತ್ತೇ ನಿಲ್ಲಿಸಿ. ಈ ವಯಸ್ಸಿನಲ್ಲಿ ಊಟ ಕಡಿಮೆಯಾದರೆ ಮೂಳೆ ಗಟ್ಟಿಯಾಗಲ್ಲ, ಮೇಷ್ಟ್ರು ಹೇಳಿದ ಆ ಕಾಲು ನೋವಿಗೂ ಇದೇ ಒಂದು ಕಾರಣ ಇರಬಹುದು. ಮುದ್ದೆ, ಬೇಳೆ, ಹುರುಳಿಕಾಳು, ಸೊಪ್ಪು, ಮೊಟ್ಟೆ ತಿನ್ನೋದಾದರೆ ಮೊಟ್ಟೆ, ಮಲಗುವ ಮುಂಚೆ ಹಾಲು. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದೆಯಾ ಅಂತ ನೀವೇ ಕೇಳಿ. ಮೇಷ್ಟ್ರ ಹತ್ತಿರ ಅವಳು ಹೇಳಲ್ಲ. ಮೂರು ತಿಂಗಳು ನಿಂತಿದ್ದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ (ಡಿಗ್ರಿ ವಿದ್ಯಾರ್ಥಿ, ದಕ್ಷಿಣ ಕನ್ನಡ):
ಸರ್, ನನ್ನ ತೂಕ 68 ಕೆಜಿ. 14 ಅಡಿ, 150 ಪೌಂಡ್ (ಅಷ್ಟು ತೂಕದವರಿಗೆ ಅಂತ ಬರೆದಿರುವ) ಪೋಲ್‌ನಲ್ಲಿ 4.20 ಹಾರಿದ್ದೇನೆ. ನಮ್ಮ ದೇಶದ ದೇವ್ ಮೀನಾ ಕೊಚ್ಚಿಯಲ್ಲಿ 5.35 ಹಾರಿದ್ದು ನೋಡಿದಾಗಿನಿಂದ ಸುಮ್ಮನೆ ಕೂರೋಕೆ ಆಗ್ತಿಲ್ಲ. ಈಗಲೇ 165ರ ಪೋಲ್ ತಗೊಂಡು ಪೂರ್ತಿ ಅಪ್ರೋಚ್‌ನಲ್ಲಿ (ಹಾರುವ ಮುಂಚಿನ ಓಟದಲ್ಲಿ) ಅಭ್ಯಾಸ ಮಾಡಿದರೆ ಸೀಸನ್‌ಗೆ ಕೈ ಕೂರುತ್ತಲ್ವಾ?

ಉತ್ತರ:
ಬೇಡಪ್ಪ. ಆ ಹುಮ್ಮಸ್ಸು ಹಾಗೇ ಇಟ್ಟುಕೋ, ದುಡ್ಡು ಮಾತ್ರ ಈಗ ಖರ್ಚು ಮಾಡಬೇಡ. ಫೆಬ್ರವರಿ ಹೊತ್ತಿಗೆ ನಿನ್ನ ವೇಗ ಎಷ್ಟಾಗಿರುತ್ತದೆ ಅಂತ ಈಗ ಗೊತ್ತಿಲ್ಲವಲ್ಲ. ಪೋಲ್ ಗಟ್ಟಿಯಾಗಿದ್ದು ವೇಗ ಸಾಲದಿದ್ದರೆ ಅದು ನೇರ ನಿಲ್ಲೋದೇ ಇಲ್ಲ. ನಿನ್ನನ್ನು ಬಾಕ್ಸ್ ಮೇಲೋ ರನ್‌ವೇ (ಓಡಿ ಬರುವ ದಾರಿ) ಮೇಲೋ ವಾಪಸ್ ಬೀಳಿಸುತ್ತದೆ. ಈ ಆಟದಲ್ಲಿ ನಾನು ಅತಿ ಹೆಚ್ಚು ಹೆದರೋದು ಅದಕ್ಕೆ.

150ರಿಂದ ಮುಂದಿನದು 155, ನೇರ 165 ಅಲ್ಲ. ಪೌಂಡ್ ಒಂದನ್ನೇ ನೋಡಬೇಡ, ಪೋಲ್ ಮೇಲೆ ಬರೆದಿರುವ ಫ್ಲೆಕ್ಸ್ ನಂಬರನ್ನೂ ನೋಡು. 50 ಪೌಂಡ್, ಅಂದರೆ 22.7 ಕೆಜಿ ತೂಕ ನೇತುಹಾಕಿದಾಗ ಪೋಲ್ ಎಷ್ಟು ಸೆಂ.ಮೀ. ಬಾಗುತ್ತದೆ ಅನ್ನೋದೇ ಆ ನಂಬರ್. ಹೆಚ್ಚಿದ್ದಷ್ಟೂ ಮೆತ್ತಗೆ. ಒಂದೇ ಪೌಂಡ್ ಬರೆದಿರುವ ಎರಡು ಕಂಪನಿಗಳ ಪೋಲ್ ಒಂದೇ ಥರ ಬಾಗಬೇಕೆಂದಿಲ್ಲ. ಸೆಕೆಂಡ್‌ಹ್ಯಾಂಡ್ ತಗೊಳ್ಳುವಾಗ ಪೂರ್ತಿ ಉದ್ದಕ್ಕೂ ಕೈಯಾಡಿಸಿ ನೋಡು. ಸ್ಪೈಕ್ ಚುಚ್ಚಿದ ಗುಳಿ, ಆಳದ ಗೀರು ಇದ್ದರೆ ಎಷ್ಟೇ ಅಗ್ಗವಾದರೂ ಬಿಡು, ಅಲ್ಲಿಂದಲೇ ಮುರಿಯೋದು. ನಿನ್ನ ತೂಕಕ್ಕಿಂತ ಕಡಿಮೆ ಬರೆದಿರುವ ಪೋಲಂತೂ ಮುಟ್ಟಲೇಬೇಡ.

ಡಿಸೆಂಬರ್, ಜನವರಿಯಲ್ಲಿ ಆರು, ಎಂಟು ಹೆಜ್ಜೆಯ ಸಣ್ಣ ಅಪ್ರೋಚ್, ಪೋಲ್ ಮೇಲೆ ಕೆಳಗಿನ ಗ್ರಿಪ್ (ಹಿಡಿತ). ದಾಟುವ ಬಾರ್ ಬೇಡ, ಎಲಾಸ್ಟಿಕ್ ದಾರ ಸಾಕು. ಸಣ್ಣ ಓಟದಲ್ಲಿ ದಣಿವು ಕಡಿಮೆ, ಹಾಗಾಗಿ ಒಂದೇ ದಿನದಲ್ಲಿ ಹೆಚ್ಚು ಸಲ ಹಾರಬಹುದು. ಪ್ರತಿ ಸಲವೂ ನೋಡಬೇಕಾದ್ದು ಒಂದೇ: ನೆಲ ಬಿಡುವ ಕಾಲು ಮೇಲಿನ ಕೈಯ ನೇರ ಕೆಳಗಿತ್ತಾ? ಮುಂದೆ ಹೋಗಿದ್ದರೆ ಪೋಲ್ ನಿನ್ನನ್ನು ಹಿಂದಕ್ಕೆ ಎಳೆಯುತ್ತದೆ, ನೀನು ಸೊಂಟದಿಂದ ಮುದುಡುತ್ತೀಯ, ತೂಗಿ ಮೇಲೇರುವ ಸ್ವಿಂಗ್ ಅಲ್ಲಿಗೇ ಸತ್ತುಹೋಯಿತು.

ಪ್ರಶ್ನೆ (ದೈಹಿಕ ಶಿಕ್ಷಕರು, ಹಾಸನ ಜಿಲ್ಲೆ):
ಸರ್, ವಾರಕ್ಕೆ ಹೇಗೆ ಹಂಚಬೇಕು? ಲಾಂಗ್‌ಜಂಪ್ ಮರಳು ಗುಂಡಿ ಇದೆ, ಅದರಲ್ಲಿ ಏನಾದರೂ ಮಾಡಿಸಬಹುದಾ? ಮತ್ತೆ ವಿಡಿಯೊದಲ್ಲಿ ಸಮಯ ತೆಗೆದರೆ ಪ್ರತಿ ಸಲ ಬೇರೆ ಬೇರೆ ಬರ್ತಿದೆ.

ಉತ್ತರ:
ವೇಗದ ಓಟ ವಾರಕ್ಕೆ ಎರಡೇ ದಿನ, ಅದೂ ಮೈ ದಣಿದಿಲ್ಲದಾಗ. ಪೋಲ್ ಹಿಡಿದು 30 ಮೀಟರ್, ಐದಾರು ಸಲ, ನಡುವೆ ಮೂರ್ನಾಲ್ಕು ನಿಮಿಷ ವಿಶ್ರಾಂತಿ. ದಣಿದ ಮೇಲೆ ಓಡಿಸಿದರೆ ನಿಧಾನ ಓಡೋದನ್ನೇ ಕಲಿಸಿದ ಹಾಗೆ. ಒಂದು ದಿನ ಏರು ದಾರಿಯಲ್ಲಿ ಓಟ, ಎರಡು ದಿನ ಜಿಮ್ನಾಸ್ಟಿಕ್ಸ್ ಮತ್ತು ಶಕ್ತಿ ವ್ಯಾಯಾಮ, ಉಳಿದದ್ದು ವಿಶ್ರಾಂತಿ.

ಜಿಮ್ನಾಸ್ಟಿಕ್ಸ್ ಅಂದರೆ ಕೈಮೇಲೆ ನಿಲ್ಲೋದು, ಸಿಂಗಲ್ ಬಾರ್‌ನಲ್ಲಿ ಜೋತು ತೂಗಿ ಕಾಲನ್ನು ಬಾರ್‌ಗೆ ಮುಟ್ಟಿಸೋದು, ಹಗ್ಗಕ್ಕೆ ತಲೆಕೆಳಗಾಗಿ ಏರೋದು. ರಷ್ಯಾದ ಪೋಲ್‌ವಾಲ್ಟರ್ ಇಸಿನ್‌ಬಯೆವಾ 15 ವರ್ಷದವರೆಗೆ ಜಿಮ್ನಾಸ್ಟ್ ಆಗಿದ್ದವರು, 2009ರಲ್ಲಿ 5.06 ಹಾರಿದರು. ನಮ್ಮಲ್ಲೂ ಗದಗ, ಬಾಗಲಕೋಟೆ ಕಡೆ ಹಗ್ಗದ ಮಲ್ಲಕಂಬ ಆಡುವ ಮಕ್ಕಳಿದ್ದಾರೆ. ಪೋಲ್ ಮೇಲೆ ತಲೆಕೆಳಗಾಗಲು ಬೇಕಾದ ಹಿಡಿತ, ಹೊಟ್ಟೆಯ ಬಲ, ಧೈರ್ಯ ಮೂರೂ ಅವರ ಹತ್ತಿರ ಆಗಲೇ ಇದೆ. ಆ ಕಡೆಯ ಶಿಕ್ಷಕರು ಯಾರಾದರೂ ಈ ಗುಂಪಿನಲ್ಲಿದ್ದರೆ ದಯವಿಟ್ಟು ಅವರ ಕೈಗೊಂದು ಪೋಲ್ ಕೊಟ್ಟು ನೋಡಿ.

ಮರಳು ಗುಂಡಿ ಒಳ್ಳೆಯದು. ಚೆನ್ನಾಗಿ ಅಗೆದು ಮೆತ್ತಗೆ ಮಾಡಿ. ಪೋಲ್ ಬಾಗದಷ್ಟು ಕೆಳಗೆ ಹಿಡಿದು, ನಾಲ್ಕಾರು ಹೆಜ್ಜೆ ಓಡಿ, ಪೋಲ್ ಊರಿ, ತೂಗಿ, ಮುಂದಕ್ಕೆ ಕಾಲ ಮೇಲೆ ಇಳಿಯಲಿ. ತಲೆಕೆಳಗಾಗುವ ಪ್ರಯತ್ನ ಅಲ್ಲಿ ಖಂಡಿತ ಬೇಡ, ಅದು ಫೋಮ್ ಪಿಟ್‌ಗೆ ಮಾತ್ರ. ಹಳೆಯ ಪೋಲನ್ನೇ ಬಳಸಿ, ಮರಳು ಫೈಬರ್‌ಗ್ಲಾಸನ್ನು ಗೀರುತ್ತದೆ. ಓಟದ ಡ್ರಿಲ್‌ಗೆ ಹಗುರವಾದ ಬಿದಿರೂ ಆದೀತು, ಆದರೆ ಅದರಲ್ಲಿ ಹಾರಿಸಬೇಡಿ. ಒಣಗಿ ಸೀಳು ಬಿಟ್ಟಿದ್ದರೆ ಗಾಯ ಆಗುತ್ತದೆ.

ವಿಡಿಯೊ ಬಗ್ಗೆ: ಫೋನನ್ನು ಕೈಯಲ್ಲಿ ಹಿಡಿದು ಅವಳ ಜೊತೆ ತಿರುಗಿಸುತ್ತಿದ್ದೀರಿ ಅನ್ನಿಸುತ್ತದೆ. ಸ್ಟ್ಯಾಂಡ್ ಮೇಲಿಟ್ಟು ಅಲುಗದ ಹಾಗೆ ಮಾಡಿ, ಎರಡು ಗುರುತುಗಳ ನಡುಮಧ್ಯಕ್ಕೆ ಎದುರಾಗಿ, ರನ್‌ವೇಯಿಂದ ಹತ್ತು ಹದಿನೈದು ಮೀಟರ್ ಪಕ್ಕಕ್ಕೆ. ಗುರುತಿನ ಕೋಲುಗಳು ಅವಳು ಓಡುವ ಗೆರೆಗೆ ಆದಷ್ಟು ಹತ್ತಿರ ಇರಲಿ. ದೂರವಿದ್ದರೆ ಕ್ಯಾಮೆರಾ ಕೋನದಿಂದ ಅಳತೆ ತಪ್ಪುತ್ತದೆ. ಪೋಲ್ ತುದಿ ದಾಟಿದ್ದನ್ನಲ್ಲ, ಪ್ರತಿ ಸಲವೂ ಅವಳ ಸೊಂಟ ಕೋಲು ದಾಟಿದ ಫ್ರೇಮನ್ನೇ ಎಣಿಸಿ. ಸೆಕೆಂಡಿಗೆ 240 ಫ್ರೇಮ್ ಇಟ್ಟರೆ 7ಕ್ಕೂ 7.5ಕ್ಕೂ ನಡುವೆ ಸುಮಾರು 11 ಫ್ರೇಮ್ ವ್ಯತ್ಯಾಸ ಬರುತ್ತದೆ. ಮೊದಲ ವಾರದ ವಿಡಿಯೊ ಇಲ್ಲಿ ಹಾಕಿ ಸರ್, ನಾನೂ ಎಣಿಸಿ ನೋಡುತ್ತೇನೆ.