ಹೆದರುವ ನಾಯಿಗೆ ಯಾವ ಮನೆ ಸರಿ?

ಕಂಕನಾಡಿಯವಳು:
ಎಲ್ಲರಿಗೂ ನಮಸ್ಕಾರ. ಐದು ತಿಂಗಳ ಹಿಂದೆ ಮಂಗಳೂರಿನ ಪಂಪ್‌ವೆಲ್ ಹತ್ತಿರ ಚರಂಡಿ ಪಕ್ಕ ಬಿದ್ದಿದ್ದ ಊರ ನಾಯಿಯೊಂದನ್ನು ಮನೆಗೆ ತಂದೆ. ಹೆಣ್ಣು, ಎರಡು ವರ್ಷ ಇರಬಹುದು ಅಂದರು ಡಾಕ್ಟರ್. ಮುತ್ತು ಅಂತ ಕರೆಯುತ್ತೇವೆ. ಕಾಲಿನ ಗಾಯ ಮಾಗಿದೆ, ಸಂತಾನಹರಣದ ಆಪರೇಷನ್ನೂ ರೇಬೀಸ್ ಲಸಿಕೆಯೂ ಆಗಿದೆ. ಹೆದರಿಕೆ ಮಾತ್ರ ಹೋಗಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಮಂಚದ ಅಡಿ ಸೇರುತ್ತಾಳೆ. ನಾನು ಪೊರಕೆ ಎತ್ತಿಕೊಂಡರೆ ನಿಂತಲ್ಲೇ ಉಚ್ಚೆ ಹೊಯ್ಯುತ್ತಾಳೆ, ಯಾರು ಎಷ್ಟು ಹೊಡೆದಿದ್ದಾರೋ ಅಂತ ಕರುಳು ಚುರುಕ್ ಅನ್ನುತ್ತದೆ.

ನಮ್ಮದು ಮೇನ್ ರೋಡಿನ ಫ್ಲಾಟ್, ಇಲ್ಲಿ ಅವಳಿಗೆ ನೆಮ್ಮದಿ ಇಲ್ಲ. ಮೂರು ಮನೆಯವರು ಕೇಳಿದ್ದಾರೆ. ಮೂಡಬಿದಿರೆಯಲ್ಲಿ ದೊಡ್ಡ ಅಡಿಕೆ ತೋಟ, ಕಾವಲಿಗೆ ಬೇಕಂತೆ, ಹಗಲು ಕಟ್ಟಿ ರಾತ್ರಿ ಬಿಡುತ್ತಾರೆ. ಮಣಿಪಾಲದಲ್ಲಿ ಗಂಡ ಹೆಂಡತಿ, ಇಬ್ಬರು ಸಣ್ಣ ಮಕ್ಕಳು, ತುಂಬ ಪ್ರೀತಿಯ ಜನ. ಬ್ರಹ್ಮಾವರದಲ್ಲಿ ನಿವೃತ್ತ ಟೀಚರ್ ದಂಪತಿ, ಸಣ್ಣ ಕಾಂಪೌಂಡು, ಒಂದು ಮುದಿ ನಾಯಿ ಉಂಟು. ಜಾಗ ಜಾಸ್ತಿ ಇರುವಲ್ಲಿಗೆ ಕೊಡು ಅನ್ನುತ್ತಾರೆ ಅಮ್ಮ. ನೀವೇನು ಹೇಳುತ್ತೀರಿ?

ಕಿನ್ನಿಗೋಳಿ ತೋಟದವ:
ಅಕ್ಕ, ತೋಟಕ್ಕೆ ಬೇಡ. ನಾನೇ ತೋಟದ ಮನೆಯವ, ಅದಕ್ಕೇ ಹೇಳುತ್ತೇನೆ. ಕಾವಲಿಗೆ ಧೈರ್ಯದ ನಾಯಿ ಬೇಕು. ಹೆದರುವ ನಾಯಿಯನ್ನು ಸರಪಳಿಯಲ್ಲಿ ಕಟ್ಟಿದರೆ ಓಡಿ ಅಡಗಲು ದಾರಿಯೇ ಇಲ್ಲ, ಆಗ ಅದಕ್ಕೆ ಉಳಿಯುವುದು ಕಚ್ಚುವುದೊಂದೇ. ಕಚ್ಚಿದ ಮೇಲೆ ಅದಕ್ಕೆ ಯಾವ ಮನೆಯೂ ಸಿಗುವುದಿಲ್ಲ. ರಾತ್ರಿ ಬಿಟ್ಟರೆ ಹೊಸ ಜಾಗದಿಂದ ಓಡಿ ಹೋಗುತ್ತಾಳೆ, ಮತ್ತೆ ನಮ್ಮ ಕಡೆ ಚಿರತೆ ಕಾಟವೂ ಉಂಟು.

ಮಣಿಪಾಲದ ಇನ್ನೊಬ್ಬರು:
ಮಕ್ಕಳಿರುವ ಮನೆಯೆಲ್ಲ ಕೆಟ್ಟದ್ದು ಅಂತಲ್ಲ. ಆದರೆ ಸಣ್ಣ ಮಕ್ಕಳು ಓಡುತ್ತಾರೆ, ಕಿರುಚುತ್ತಾರೆ, ಮಲಗಿದ್ದನ್ನು ಹೋಗಿ ಅಪ್ಪಿಕೊಳ್ಳುತ್ತಾರೆ. ನಾಯಿ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು ಎಷ್ಟೋ ಸಲ "ನನ್ನನ್ನು ಬಿಡಿ" ಅನ್ನುವ ಮಾತು, ಅದು ಮಕ್ಕಳಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು, ನನ್ನಿಂದಾದ ತಪ್ಪು ಹೇಳುತ್ತೇನೆ. ಇಂಥದ್ದೇ ಒಂದು ನಾಯಿಯನ್ನು ತಂದ ದಿನವೇ ಸ್ನಾನ ಮಾಡಿಸಿದೆ, ನೆಂಟರನ್ನೂ ಕರೆದೆ, ಸಂಜೆ ಗೇಟು ಸ್ವಲ್ಪ ತೆರೆದಿತ್ತು, ಅಷ್ಟೇ ಸಾಕಾಯಿತು. ಸಿಕ್ಕಿದ್ದು ಎರಡು ದಿನದ ಮೇಲೆ. ನಾಯಿ ಸಾಕುವವರು 3 ದಿನ, 3 ವಾರ, 3 ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ: ಗಾಬರಿ ಇಳಿಯಲು, ಮನೆಯ ರೂಢಿ ಆಗಲು, ಇದು ನನ್ನ ಮನೆ ಅನ್ನಿಸಲು. ಹೆದರುವ ನಾಯಿಗೆ ಇನ್ನೂ ಜಾಸ್ತಿ ಬೇಕು.

ಕಟಪಾಡಿಯವರು:
ನನ್ನ ಓಟು ಬ್ರಹ್ಮಾವರಕ್ಕೆ. ಸಮಾಧಾನದ ಮುದಿ ನಾಯಿ ಇದ್ದರೆ ಅದನ್ನು ನೋಡಿಯೇ ಮುತ್ತು ಅರ್ಧ ಕಲಿಯುತ್ತಾಳೆ. ಆದರೆ ಮೊದಲ ಭೇಟಿ ಮನೆಯೊಳಗೆ ಬೇಡ. ಹೊರಗೆ ರಸ್ತೆಯಲ್ಲಿ ಎರಡನ್ನೂ ದೂರ ದೂರ ನಡೆಸಿ, ಆಮೇಲೆ ಹತ್ತಿರ ತನ್ನಿ. ಬರೀ ಕುತ್ತಿಗೆ ಪಟ್ಟಿ ನಂಬಬೇಡಿ, ಎದೆಗೆ ಹಾಕುವ ಪಟ್ಟಿಯೂ ಇರಲಿ.

ಹತ್ತಿರ ದೈವಸ್ಥಾನ ಉಂಟಾ ಅಂತ ಕೇಳಿ. ನಮ್ಮೂರಲ್ಲಿ ಕೋಲದ (ದೈವದ ಉತ್ಸವದ) ಕದಿನ, ಅಂದರೆ ಮದ್ದು ತುಂಬಿದ ಗುಂಡು, ಸಿಡಿದರೆ ಮನುಷ್ಯರೇ ಬೆಚ್ಚಿಬೀಳುತ್ತೇವೆ, ನಾಯಿಯ ಕಿವಿಗೆ ಹೇಗಾಗಬೇಡ! ಆಗುವುದಾದರೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಳಿಸಿ. ಮೇ ಕೊನೆಯ ಪತ್ತನಾಜೆ ದಿನಕ್ಕೇ ಕೋಲ, ಯಕ್ಷಗಾನ ಎಲ್ಲ ನಿಂತಿರುತ್ತದೆ. ದೊಡ್ಡ ಗುಡುಗು ಜಾಸ್ತಿ ಮಳೆಗಾಲದ ಮೊದಲು ಮತ್ತು ಕೊನೆಗೆ, ಆಟಿಯಲ್ಲಿ ಹೆಚ್ಚಾಗಿ ಬರೀ ಮಳೆ. ದೀಪಾವಳಿ ಬರುವಾಗ ಅವಳಿಗೆ ಆ ಮನೆಯಲ್ಲಿ ಅಡಗುವ ಮೂಲೆ ಗೊತ್ತಾಗಿರುತ್ತದೆ. ಮಳೆಗಾಲ ಅಲ್ವಾ, ಇಲಿಜ್ವರದ ಲಸಿಕೆ ಬಗ್ಗೆ ಡಾಕ್ಟರಲ್ಲಿ ಕೇಳಿ.

ಕಂಕನಾಡಿಯವಳು:
ಇದೆಲ್ಲ ಅಮ್ಮನಿಗೆ ಓದಿ ಹೇಳಿದೆ. ಟೀಚರಿಗೂ ಫೋನ್ ಮಾಡಿದೆ, ದೈವಸ್ಥಾನ ದೂರ ಉಂಟಂತೆ. "ಅವಳು ಒಂದು ತಿಂಗಳು ಮಂಚದ ಅಡಿಯಿಂದ ಬಾರದಿದ್ದರೂ ಅಡ್ಡಿಯಿಲ್ಲ, ಅನ್ನ ಅಲ್ಲಿಗೇ ಇಡುತ್ತೇನೆ" ಅಂದರು. ನನಗೆ ಕಣ್ಣು ತುಂಬಿ ಬಂತು. ಭಾನುವಾರ ಮುತ್ತುವನ್ನು ಕರೆದುಕೊಂಡು ಹೋಗಿ ಬರೀ ತೋರಿಸಿಕೊಂಡು ಬರುತ್ತೇವೆ. ಆಟಿಯಲ್ಲಿ ಕಳಿಸುವಾಗ ಅವಳು ಮಲಗುವ ಹಳೇ ಸೀರೆಯನ್ನೂ ಒಗೆಯದೆ ಜೊತೆಗೆ ಕೊಡುತ್ತೇನೆ, ಮನೆಯ ವಾಸನೆ ಇರಲಿ ಅಂತ.