ಅಪ್‌ಡೇಟ್: ಸ್ಲೀಪ್‌ನಿಂದ ಎದ್ದಾಗ ಕ್ರ್ಯಾಶ್ ಆಗುತ್ತಿದ್ದ ಪಿಸಿ ಸರಿಯಾಯಿತು

ಸುರತ್ಕಲ್‌ನ ನಮ್ಮ ಮನೆಯ ಪಿಸಿ ಸ್ಲೀಪ್‌ನಿಂದ ಏಳುವಾಗ ಫ್ಯಾನ್ ಜೋರಾಗಿ ತಿರುಗಿ, ಸ್ಕ್ರೀನ್ ಕಪ್ಪಾಗಿ, ತಾನೇ ರೀಸ್ಟಾರ್ಟ್ ಆಗುತ್ತದೆ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಗ್ರಾಫಿಕ್ಸ್ ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ. ವಿಂಡೋಸ್ ಬೇಗ ಆನ್ ಆಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಸೆಟ್ಟಿಂಗ್ ಆಫ್ ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ. ವಿಂಡೋಸ್ ತನ್ನ ದೋಷಗಳನ್ನು ದಾಖಲಿಸಿ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಇದ್ದದ್ದು ಕರ್ನಲ್-ಪವರ್ 41 ಎಂಬ ಎರರ್ ಮಾತ್ರ. ಅದು 'ಸರಿಯಾಗಿ ಶಟ್‌ಡೌನ್ ಆಗಲಿಲ್ಲ' ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಸುಳಿವು ಸಿಕ್ಕಿದ್ದು ಹೈಬರ್ನೇಟ್‌ನಿಂದ. ಹೈಬರ್ನೇಟ್ ಮಾಡಿದರೆ ಪಿಸಿ ಆರಾಮವಾಗಿ ಏಳುತ್ತಿತ್ತು! ಹೈಬರ್ನೇಟ್‌ನಲ್ಲಿ ರ‍್ಯಾಮ್‌ನಲ್ಲಿರುವುದೆಲ್ಲ ಡಿಸ್ಕ್‌ಗೆ ಹೋಗುತ್ತದೆ. ಸ್ಲೀಪ್‌ನಲ್ಲಿ ಹಾಗಲ್ಲ. ಎಲ್ಲ ರ‍್ಯಾಮ್‌ನಲ್ಲೇ ಉಳಿಯುತ್ತದೆ, ಅದಕ್ಕೆ ಎಸ್‌ಎಂಪಿಎಸ್‌ನ (ಪಿಸಿಯ ಪವರ್ ಸಪ್ಲೈ) 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನ್‌ನಿಂದ, ಅಂದರೆ ಪಿಸಿ ಮಲಗಿದ್ದಾಗಲೂ ಚಾಲೂ ಇರುವ ಲೈನ್‌ನಿಂದ, ಸ್ವಲ್ಪ ಕರೆಂಟ್ ಹೋಗುತ್ತಿರಬೇಕು. ಅಂದರೆ ಅನುಮಾನ ಎರಡರ ಮೇಲೆ: ರ‍್ಯಾಮ್, ಇಲ್ಲವೇ ಎಸ್‌ಎಂಪಿಎಸ್.

ಮೊದಲು ರ‍್ಯಾಮ್ ಬಿಚ್ಚಿದೆ. ಕಡಲ ಗಾಳಿ, ಮೇಲಿಂದ ಮಳೆಗಾಲ, ಕೇಳಬೇಕಾ? ಹೊಳೆಯಬೇಕಿದ್ದ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿದ್ದವು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಹಾಕಿದೆ. ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗನ್ನೂ ಆಫ್ ಮಾಡಿದೆ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಪಾಸ್, ಆದರೂ ಕ್ರ್ಯಾಶ್.

ಕೊನೆಗೆ ಹಂಪನಕಟ್ಟೆಯ ಗೆಳೆಯನ ಹತ್ತಿರ ಎಸ್‌ಎಂಪಿಎಸ್ ತಂದು ಹಾಕಿದೆ. ಸಮಸ್ಯೆ ಮಾಯ! ಈಗ ಹೊಸದೊಂದು ಕೊಂಡಿದ್ದೇನೆ. ಹಳೆಯದನ್ನು ಬಿಚ್ಚಿ ನೋಡಲಿಲ್ಲ, ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ತೆಗೆದ ಮೇಲೂ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು. ಸುಮ್ನೆ ಯಾಕೆ ರಗಳೆ, ಅಲ್ವಾ?

ರ‍್ಯಾಮ್ ಹೇಳಿದವರಿಗೂ, ಪವರ್ ಸಪ್ಲೈ ನೋಡು ಎಂದವರಿಗೂ ಥ್ಯಾಂಕ್ಸ್. ಎಕ್ಸ್‌ಎಂಪಿ ಮತ್ತೆ ಆನ್ ಮಾಡಿದ್ದೇನೆ, ಈಗಲೂ ತೊಂದರೆ ಇಲ್ಲ.