ಥಂಡರ್‌ಗೆ ಮತ್ತೆ ಕಪ್ಪಂತೆ, ನಮಗೆ ಮತ್ತೆ ಅದೇ ಜಗಳ

ನಮ್ಮ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ವಾಟ್ಸಾಪ್ ಗುಂಪಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. ಕೋರ್ಟಿನಲ್ಲಿ ಆಡಿದ ಜಾಗವೇ ಹೆಸರು. ಪಾಯಿಂಟ್, ಸೆಂಟರ್, ಕೋಚ್ ಸರ್. ಬೆಂಚಿನಿಂದ ಎದ್ದು ಬರುತ್ತಿದ್ದವನು ಆರನೇ. ಒಂದು ದಿನವೂ ಚೆಂಡು ಮುಟ್ಟದೆ ಮೇಜಿನ ಹಿಂದೆ ಕೂತು ಸ್ಕೋರ್‌ಶೀಟ್ ಬರೆದವನು ಸ್ಕೋರರ್. ಈಗ ಎಲ್ಲರಿಗಿಂತ ಜಾಸ್ತಿ ಮಾತು ಅವನದು. ನಾನು ಅಡ್ಮಿನ್. ಅಂದರೆ, ಜಗಳವಾದಾಗ ಎರಡೂ ಕಡೆಯವರು ಖಾಸಗಿಯಾಗಿ ಬೈಯುವುದು ನನಗೆ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2025-26ರ ಸೀಸನ್‌ಗೆ ಒಂದು ವಾರ ಇದೆ ಎನ್ನುವಾಗ ಪಾಯಿಂಟ್ ಒಂದು ಚಿತ್ರ ತಂದು ಹಾಕಿದ. ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಪಟ್ಟಿ. ನೀಲಿ ಹಿನ್ನೆಲೆ, ಸಿಡಿಲು, ಕಪ್ ಎತ್ತಿ ಹಿಡಿದ ಥಂಡರ್ ತಂಡದ ತಾರೆ ಶೇ ಗಿಲ್ಜಸ್-ಅಲೆಕ್ಸಾಂಡರ್. ಕೆಳಗೆ ಇಷ್ಟು: “ಏಳು ವರ್ಷ, ಏಳು ಬೇರೆ ಬೇರೆ ಚಾಂಪಿಯನ್ನರು. ಈ ಶಾಪ ಮುರಿಯುವ ತಂಡ ಬಂದಾಯಿತು. 68 ಗೆಲುವು, ಎನ್‌ಬಿಎ ಇತಿಹಾಸದಲ್ಲೇ ದಾಖಲೆ! 2026ರಲ್ಲೂ ಒಕ್ಲಹೋಮಾ ಸಿಟಿ ಥಂಡರ್! ಹತ್ತು ಕಾರಣ ಓದಿ.” ಹತ್ತು ಎಂದಿದ್ದರೂ ಇದ್ದದ್ದು ಒಂಬತ್ತೇ, ಆರರ ಮುಂದೆ ನೇರವಾಗಿ ಎಂಟು. ಇದನ್ನು ಗುಂಪಿನಲ್ಲಿ ಇವತ್ತಿನವರೆಗೂ ಯಾರೂ ಗಮನಿಸಿಲ್ಲ, ಆಧಾರ ಕೇಳುವುದನ್ನೇ ಕಸುಬು ಮಾಡಿಕೊಂಡ ಸ್ಕೋರರ್ ಕೂಡ.

ಸ್ಕೋರರ್: ಮೂಲ?

ಪಾಯಿಂಟ್: ಯಾವ ಮೂಲ? ಚಿತ್ರ ನೋಡು.

ಸ್ಕೋರರ್: ಚಿತ್ರ ಮೂಲ ಆಗಲ್ಲ. 68 ದಾಖಲೆ ಅಂತ ಹೇಳಿದವರು ಯಾರು? 2015-16ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 73 ಗೆದ್ದಿದೆ. ಅಷ್ಟು ಗೆದ್ದೂ ಕಪ್ ಸಿಗಲಿಲ್ಲ. ಏಳು ಪಂದ್ಯದ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಮೇಲೆ 3-1 ಮುಂದಿದ್ದು ಸೋತರು.

ಆರನೇ: 3-1 ಅನ್ನಬೇಡ್ವೋ, ಪಾಯಿಂಟ್‌ಗೆ ಗಾಯ ಕೆರೆದಂಗಾಗುತ್ತೆ.

ಗಾಯ ನಿಜ. ಪಾಯಿಂಟ್ ಒಕ್ಲಹೋಮಾಕ್ಕೆ ಹೋಗಿ ನೆಲೆಸಿ ಬಹಳ ಕಾಲವಾಯಿತು. 2008ರಲ್ಲಿ ತಂಡ ಸಿಯಾಟಲ್‌ನಿಂದ ಅಲ್ಲಿಗೆ ಬಂದಾಗಿನಿಂದ ಇವನು ಅದರ ಬೆನ್ನಿಗೆ ಬಿದ್ದವನು. 2012ರ ಫೈನಲ್‌ನಲ್ಲಿ ಮಯಾಮಿ ಎದುರು ಸೋಲು. ಅದೇ ಅಕ್ಟೋಬರ್‌ನಲ್ಲಿ ತಂಡದ ತಾರೆ ಹಾರ್ಡನ್ ಹ್ಯೂಸ್ಟನ್‌ಗೆ ಮಾರಾಟ. 2016ರಲ್ಲಿ ಇದೇ ವಾರಿಯರ್ಸ್ ಮೇಲೆ 3-1 ಮುಂದಿದ್ದು ಕಾನ್ಫರೆನ್ಸ್ ಫೈನಲ್, ಅಂದರೆ ಫೈನಲ್‌ಗೆ ಮುಂಚಿನ ಸುತ್ತು, ಕೈಬಿಟ್ಟರು, ಆಮೇಲೆ ತಂಡದ ಇನ್ನೊಬ್ಬ ತಾರೆ ಡುರಾಂಟ್ ಎದ್ದು ನಡೆದದ್ದು ಸೀದಾ ಆ ವಾರಿಯರ್ಸ್ ಮನೆಗೇ. ಇಷ್ಟೆಲ್ಲ ನುಂಗಿಕೊಂಡವನಿಗೆ 2025ರ ಜೂನ್ 22ರಂದು ಮೊದಲ ಕಪ್ ಸಿಕ್ಕಿತ್ತು. ಅವನು ಸ್ವಲ್ಪ ಕುಣಿದರೆ ಕುಣಿಯಲಿ ಅನ್ನುವವನು ನಾನು. ಆದರೆ ನಮ್ಮ ಗುಂಪಿನಲ್ಲಿ ಒಬ್ಬ ಸಂತೋಷಪಟ್ಟರೆ ಇನ್ನೊಬ್ಬನಿಗೆ ತಡೆಯುವುದಿಲ್ಲ.

ಅಂದಹಾಗೆ ದಾಖಲೆ ಇರುವುದು ಹೌದು, ಗೆಲುವಿನ ಸಂಖ್ಯೆಯದ್ದಲ್ಲ. ಥಂಡರ್ 2024-25ರಲ್ಲಿ ಪಂದ್ಯಕ್ಕೆ ಸರಾಸರಿ 12.9 ಅಂಕ ಅಂತರದಲ್ಲಿ ಮುಂದಿತ್ತು. ಅಷ್ಟು ದೊಡ್ಡ ಅಂತರ ಲೀಗಿನಲ್ಲಿ ಅದಕ್ಕೂ ಮೊದಲು ಯಾರಿಗೂ ಇರಲಿಲ್ಲ. ಪಾಯಿಂಟ್ ಈ ಒಂದು ಮಾತು ಹೇಳಿದ್ದರೆ ಸ್ಕೋರರ್ ಬಾಯಿ ಕಟ್ಟುತ್ತಿತ್ತು. ಹೇಳಲಿಲ್ಲ. ಬದಲಿಗೆ “ನಿನಗೆ ಯಾವತ್ತೂ ಹೊಟ್ಟೆಕಿಚ್ಚು” ಎಂದ.

ಅಷ್ಟರಲ್ಲಿ ಸರ್ ಬಂದರು.

ಕೋಚ್ ಸರ್: ಮಕ್ಕಳೇ, ಗೆದ್ದಾಗ ತಲೆ ತಗ್ಗಿಸಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಹಂಕಾರ ಬಂದ ದಿನವೇ ಸೋಲು ಶುರು. ಈ ಮಾತನ್ನು ನಾನು ನಿಮಗೆ ಆಗಲೇ ಹೇಳಿದ್ದೆ.

‘ಆಗಲೇ’ ಎಂದರೆ ಯಾವಾಗ ಎಂದು ಯಾರೂ ಕೇಳಲಿಲ್ಲ. ನಾವು ಒಂದು ವರ್ಷ ಅಂತರ ಕಾಲೇಜು ಕಪ್ ಗೆದ್ದವರು. ಮರುವರ್ಷ ಸೆಮಿಫೈನಲ್‌ನಲ್ಲಿ ಒಂದೇ ಒಂದು ಅಂಕದಿಂದ ಸೋತವರು. ಈ ಗುಂಪಿನ ಎಲ್ಲ ಮಾತೂ, ಅದು ಮಳೆಯ ಬಗ್ಗೆ ಶುರುವಾಗಿರಲಿ ಮೊಮ್ಮಗುವಿನ ನಾಮಕರಣದ ಬಗ್ಗೆ ಶುರುವಾಗಿರಲಿ, ಸುತ್ತಿ ಬಳಸಿ ಹೋಗಿ ನಿಲ್ಲುವುದು ಆ ಸೆಮಿಫೈನಲ್‌ನಲ್ಲಿ.

ಪಾಯಿಂಟ್: ಸರ್, ಅಹಂಕಾರ ಅಲ್ಲ, ಆತ್ಮವಿಶ್ವಾಸ. 1987ರಲ್ಲಿ ಲೇಕರ್ಸ್ ಗೆದ್ದಾಗ ಅವರ ಕೋಚ್ ಪ್ಯಾಟ್ ರೈಲಿ ವಿಜಯೋತ್ಸವದಲ್ಲೇ ನಿಂತು ಮುಂದಿನ ವರ್ಷವೂ ಗೆಲ್ತೀವಿ ಅಂತ ಮಾತು ಕೊಟ್ಟ. 1988ರಲ್ಲಿ ಗೆದ್ದೂ ತೋರಿಸಿದ.

ಕೋಚ್ ಸರ್: ಅದೇ ರೈಲಿಯೇ ಹೇಳಿದ್ದಾರಪ್ಪ, ಗೆದ್ದ ತಂಡಕ್ಕೆ ‘ಇನ್ನಷ್ಟು ಬೇಕು’ ಅನ್ನೋ ರೋಗ ಬರುತ್ತೆ ಅಂತ. ಒಬ್ಬನಿಗೆ ಇನ್ನಷ್ಟು ದುಡ್ಡು, ಒಬ್ಬನಿಗೆ ಇನ್ನಷ್ಟು ಹೆಸರು, ಒಬ್ಬನಿಗೆ ಇನ್ನಷ್ಟು ಶಾಟ್.

ಆರನೇ: ಕೊನೇದು ಯಾರಿಗೆ ಹೇಳಿದ್ದು ಸರ್?

ಒಂದು ನಗುವ ಮುಖ, ಅದರ ಬೆನ್ನಿಗೇ ಇನ್ನೆರಡು. ಪಾಯಿಂಟ್ ಅದನ್ನು ಕಂಡೂ ಕಾಣದವನಂತೆ ಮುಂದುವರಿದ. ಸಂಬಳದ ಮಾತು ಬಂದದ್ದು ಅವನಿಗೆ ಅನುಕೂಲವೇ ಆಯಿತು. ಶೇ ಜುಲೈನಲ್ಲಿ ನಾಲ್ಕು ವರ್ಷಕ್ಕೆ 28.5 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ, ತಂಡದ ಇನ್ನಿಬ್ಬರು ಮುಖ್ಯ ಆಟಗಾರರಾದ ಚೆಟ್ ಹೋಮ್‌ಗ್ರೆನ್ ಮತ್ತು ಜೇಲನ್ ವಿಲಿಯಮ್ಸ್ ತಲಾ ಐದು ವರ್ಷಕ್ಕೆ. ಆದರೆ ಆ ದೊಡ್ಡ ಮೊತ್ತಗಳು ತಂಡದ ಲೆಕ್ಕಕ್ಕೆ ಬರುವುದು 2025-26ರ ಸೀಸನ್ ಮುಗಿದ ಮೇಲೆ. ಲೀಗಿಗೂ ಆಟಗಾರರ ಸಂಘಕ್ಕೂ 2023ರಲ್ಲಿ ಆದ ಒಪ್ಪಂದದ ಪ್ರಕಾರ, ತಂಡದ ಒಟ್ಟು ಸಂಬಳಕ್ಕೆ ಹಾಕಿದ ಎರಡನೇ ಗೆರೆ ದಾಟಿದ ತಂಡದ ಕೈಕಾಲು ಕಟ್ಟಿಬಿಡುತ್ತಾರೆ: ಆಟಗಾರರನ್ನು ಒಟ್ಟು ಸೇರಿಸಿ ವಿನಿಮಯ ಮಾಡುವ ಹಾಗಿಲ್ಲ, ಯಾವ ತಂಡದ ಒಪ್ಪಂದದಲ್ಲೂ ಇಲ್ಲದವರನ್ನು ಕರೆತರಲು ಕನಿಷ್ಠ ಸಂಬಳ ಬಿಟ್ಟು ಬೇರೆ ದಾರಿ ಇಲ್ಲ. ಬಾಸ್ಟನ್ ಆ ಬೇಸಿಗೆಯಲ್ಲಿ ಹಾಲಿಡೇ, ಪೊರ್ಜಿಂಗಿಸ್ ಇಬ್ಬರನ್ನೂ ಬಿಟ್ಟುಕೊಟ್ಟದ್ದು ಅದೇ ಗೆರೆಗೆ ಹೆದರಿ. ಥಂಡರ್‌ಗೆ ಆ ಬಿಸಿ ಆಗಿನ್ನೂ ತಟ್ಟಿರಲಿಲ್ಲ, ಕಪ್ ಗೆದ್ದ ಬಳಗ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಚಿತ್ರದಲ್ಲಿದ್ದ ಒಂಬತ್ತು ಕಾರಣಗಳಿಗಿಂತ ಇದೊಂದೇ ತೂಕದ್ದು. ಪಾಯಿಂಟ್ ಇದನ್ನು ಐದು ಸಂದೇಶಗಳಲ್ಲಿ, ಯಾವತ್ತೂ ಇಲ್ಲದ ತಾಳ್ಮೆಯಿಂದ ಬರೆದ. ಓದಿದವರು ಎಷ್ಟು ಜನವೋ. ಐದನೆಯದು ಬೀಳುವಷ್ಟರಲ್ಲಿ ಸೆಂಟರ್ ಎದ್ದಿದ್ದ.

ಸೆಂಟರ್: ಹಾಸ್ಟೆಲ್ ಗೋಡೆ ಮೇಲೆ ಜೋರ್ಡನ್ ಪೋಸ್ಟರ್ ಇತ್ತಲ್ಲ, ಅದು ಈಗ ಯಾರ ಹತ್ರ ಇದೆ?

ಆರನೇ: ನೀನೇ ಕದ್ದಿದ್ದು.

ಸೆಂಟರ್: ಬುಲ್ಸ್ 91, 92, 93. ಆಮೇಲೆ 96, 97, 98. ಅದು ತಂಡ. ಈಗಿನವರದ್ದು ಏನು, ಕಾಲು ಉಳುಕಿದರೆ ಸೀಸನ್ ಮುಗೀತು. ನೋಡಿದ್ರಾ, ಈ ವರ್ಷ ಪ್ಲೇಆಫ್‌ನಲ್ಲಿ ಹಿಮ್ಮಡಿ ನರ ಹರಿದುಕೊಂಡ ಲಿಲಾರ್ಡ್, ಟೇಟಮ್, ಹ್ಯಾಲಿಬರ್ಟನ್, ಮೂವರ ಜೆರ್ಸಿಯೂ ಸೊನ್ನೆ ನಂಬರ್. ಸೊನ್ನೆ ಅಪಶಕುನ ಅಂತ ನನ್ನ ಹೆಂಡತಿ ಸುಮ್ನೆ ಹೇಳಲ್ಲ.

ಸ್ಕೋರರ್: ಸೊನ್ನೆಗೂ ನರಕ್ಕೂ ಸಂಬಂಧ ಇದೆ ಅನ್ನೋದಕ್ಕೆ ಆಧಾರ?

ಸೆಂಟರ್: ಮೂವರು ಸಾಲದಾ?

ಸ್ಕೋರರ್ ಆಗ ತನ್ನ ಪಟ್ಟಿ ತೆಗೆದ. 2020ರಿಂದ ಈಚೆಗೆ ಹಾಲಿ ಚಾಂಪಿಯನ್ನರ ಗತಿ. ಟೊರಾಂಟೊ, ಎರಡನೇ ಸುತ್ತಿನಲ್ಲಿ ಔಟ್. ಲೇಕರ್ಸ್, ಮೊದಲನೇ ಸುತ್ತಿನಲ್ಲೇ. ಮಿಲ್ವಾಕಿ, ಗೋಲ್ಡನ್ ಸ್ಟೇಟ್, ಡೆನ್ವರ್, ಬಾಸ್ಟನ್, ಎಲ್ಲರೂ ಎರಡನೇ ಸುತ್ತು. ಆರಕ್ಕೆ ಆರೂ ಕಾನ್ಫರೆನ್ಸ್ ಫೈನಲ್ ಮುಖ ನೋಡಿಲ್ಲ. ಸ್ಯಾನ್ ಆಂಟೋನಿಯೊ ಐದು ಕಪ್ ಗೆದ್ದಿದೆ, ಒಂದು ಸಲವೂ ಬೆನ್ನುಬೆನ್ನಿಗೆ ಅಲ್ಲ. ಕೊನೆಯದಾಗಿ ಉಳಿಸಿಕೊಂಡದ್ದು ವಾರಿಯರ್ಸ್, 2018ರಲ್ಲಿ. ಕೆಳಗೆ ಅವನದೇ ಷರಾ: “ಎದುರಾಳಿ ಇಂಡಿಯಾನಾದ ಹ್ಯಾಲಿಬರ್ಟನ್ ಫೈನಲ್‌ನ ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲಿ ಬೀಳದೇ ಇದ್ದಿದ್ದರೆ ಈ ಕಪ್ಪೂ ಅನುಮಾನವೇ.”

ಪಟ್ಟಿ ಪೂರ್ತಿ ಸರಿ. ಅದರಿಂದ ಅವನು ತೆಗೆದ ತೀರ್ಮಾನ ಮಾತ್ರ ನನಗೆ ಒಪ್ಪಿಗೆಯಿಲ್ಲ. ಟೊರಾಂಟೊಗೆ ಕವಾಯ್ ಲೆನಾರ್ಡ್ ಬಿಟ್ಟುಹೋದ, ಮಿಲ್ವಾಕಿಗೆ ಮಿಡಲ್ಟನ್ ಗಾಯಾಳು, ಬಾಸ್ಟನ್‌ಗೆ ಟೇಟಮ್ ನಾಲ್ಕನೇ ಪಂದ್ಯದಲ್ಲಿ ನೆಲಕ್ಕೆ ಬಿದ್ದ, ಡೆನ್ವರ್ ಏಳನೇ ಪಂದ್ಯದಲ್ಲಿ 20 ಅಂಕ ಮುಂದಿದ್ದು ಮಿನೆಸೋಟಾಗೆ ಬಿಟ್ಟುಕೊಟ್ಟಿತು. ಒಂದೊಂದಕ್ಕೆ ಒಂದೊಂದು ಕಾರಣ. ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ ಶಾಪ ಎನ್ನುವ ಪಾಯಿಂಟ್‌ನ ಚಿತ್ರಕ್ಕೂ, ನಿಯಮ ಎನ್ನುವ ಸ್ಕೋರರ್‌ಗೂ ಹೆಚ್ಚು ವ್ಯತ್ಯಾಸವಿಲ್ಲ. ಥಂಡರ್‌ಗೆ ಚಿಂತೆ ಇರಬೇಕಾಗಿದ್ದದ್ದು ಬೇರೆ ಕಡೆ. ಫೈನಲ್‌ನ ಐದನೇ ಪಂದ್ಯದಲ್ಲಿ 40 ಅಂಕ ಹೊಡೆದ ಜೇಲನ್ ವಿಲಿಯಮ್ಸ್ ಆಡುತ್ತಿದ್ದದ್ದು ಬಲ ಮಣಿಕಟ್ಟಿನ ಲಿಗಮೆಂಟ್ ಹರಿದುಕೊಂಡು. ಜುಲೈನಲ್ಲಿ ಶಸ್ತ್ರಚಿಕಿತ್ಸೆ ಆಗಿತ್ತು. ಶೂಟ್ ಮಾಡುವ ಕೈ ಅದು.

ಇದನ್ನು ಗುಂಪಿನಲ್ಲಿ ಬರೆಯೋಣ ಎಂದು ಕೂತೆ. ಅಷ್ಟರಲ್ಲಿ ಸೆಮಿಫೈನಲ್ ಬಂದೇಬಿಟ್ಟಿತು.

ಪಾಯಿಂಟ್: ಇದ್ದಿದ್ದರೆ, ಬೀಳದಿದ್ದರೆ ಅಂತ ಆಡೋಕೆ ಹೋದ್ರೆ ನಾವೂ ಎರಡನೇ ಕಪ್ ಗೆದ್ದಿರಬೇಕಿತ್ತು.

ಸೆಂಟರ್: ಗೆಲ್ತಿದ್ವಿ. ನಾನು ರಿಂಗ್ ಕೆಳಗೆ ಒಬ್ಬನೇ ನಿಂತಿದ್ದೆ. ಕೈ ಎತ್ತಿ ಕೂಗಿದೆ. ನೀನು ನೋಡಿಯೂ ಪಾಸ್ ಕೊಡಲಿಲ್ಲ.

ಆರನೇ: ನನ್ನನ್ನಂತೂ ಕೊನೇ ಕ್ವಾರ್ಟರ್ ಪೂರ್ತಿ ಬೆಂಚ್ ಮೇಲೆ ಕೂರಿಸಿದ್ರು. ಸರ್‌ಗೆ ಗೊತ್ತು ಯಾಕೆ ಅಂತ.

ಕೋಚ್ ಸರ್: ನೀನು ಅಭ್ಯಾಸಕ್ಕೆ ತಡವಾಗಿ ಬರ್ತಿದ್ದೆ.

ಪಾಯಿಂಟ್: ಮೂರು ಸೆಕೆಂಡ್ ಇತ್ತು. ಪಾಸ್ ಕೊಡೋ ಹೊತ್ತಾ ಅದು?

ಸೆಂಟರ್: ನಿನ್ನ ಶೇ ಇದ್ದಾನಲ್ಲ, ಫೈನಲ್‌ನ ಏಳನೇ ಪಂದ್ಯದಲ್ಲಿ 29 ಅಂಕ ಹೊಡೆದು 12 ಅಸಿಸ್ಟೂ, ಅಂದ್ರೆ ಬೇರೆಯವರು ಬ್ಯಾಸ್ಕೆಟ್ ಹಾಕೋಕೆ ಪಾಸೂ, ಕೊಟ್ಟ. ನೀನು ಒಂದು ಕೊಟ್ಟಿದ್ದರೆ ಸಾಕಾಗ್ತಿತ್ತು.

ಈ ಏಟು ಚೆನ್ನಾಗಿ ಬಿತ್ತು. ಪಾಯಿಂಟ್ ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ ಅವನು ಬರೆದದ್ದು ಸೆಂಟರ್‌ಗಲ್ಲ, ಸ್ಕೋರರ್‌ಗೆ: “ದಿನಾ ಎಲ್ಲರ ಹತ್ರ ಆಧಾರ ಕೇಳ್ತೀಯಲ್ಲ. ಆವತ್ತಿನ ಶೀಟ್ ನಿನ್ನ ಹತ್ರ ಇದೆಯಲ್ಲ. ಹಾಕು.”

ಹಾಕುತ್ತಾನೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಆದರೆ ರಾತ್ರಿ ಊಟದ ಹೊತ್ತಿಗೆ ಫೋಟೋ ಬಂತು. ಹಳದಿ ತಿರುಗಿದ ಕಾರ್ಬನ್ ಪ್ರತಿ, ಮೂಲೆಯಲ್ಲಿ ಅಂಪೈರ್ ಸಹಿ. ಎಲ್ಲರೂ ದೊಡ್ಡದು ಮಾಡಿ ನೋಡಿರಬೇಕು, ಗುಂಪು ಒಂದು ಗಳಿಗೆ ತಣ್ಣಗಾಯಿತು. ಕೊನೆಯ ಶಾಟ್ ಹೊಡೆದದ್ದು ಯಾರು ಎಂಬುದು ಅದರಲ್ಲಿ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಸ್ಕೋರ್‌ಶೀಟಿನಲ್ಲಿ ಬರೆಯುವುದು ಬಿದ್ದ ಬ್ಯಾಸ್ಕೆಟ್, ಫೌಲ್, ಟೈಮ್‌ಔಟ್. ತಪ್ಪಿದ ಶಾಟ್‌ಗೆ ಅಲ್ಲಿ ಜಾಗವೇ ಇಲ್ಲ.

ಇದ್ದದ್ದು ಬೇರೆ ಸಂಗತಿ. ಸೆಂಟರ್ ಹೆಸರಿನ ಮುಂದೆ ಫೌಲ್‌ನ ಐದೂ ಚೌಕ ತುಂಬಿದ್ದವು. ಎದುರಾಳಿ ತಂಡದ ಕೊನೆಯ ಎರಡು ಅಂಕ ಗೀಟುಗಳಲ್ಲ, ಚುಕ್ಕೆಗಳು. ಗೀಟು ಎಂದರೆ ಬ್ಯಾಸ್ಕೆಟ್, ಚುಕ್ಕೆ ಎಂದರೆ ಫ್ರೀ ಥ್ರೋ.

ಸ್ಕೋರರ್: ಈಗ ಆಧಾರ ಕೊಡ್ತೀನಿ, ಕೇಳಿ. ಐದನೇ ಫೌಲ್ ಸೆಂಟರ್‌ದು. ಅದರಿಂದ ಸಿಕ್ಕ ಎರಡು ಫ್ರೀ ಥ್ರೋನಲ್ಲೇ ಅವರು ಮುಂದಾಗಿದ್ದು. ಐದು ಆದವನು ಕೋರ್ಟ್ ಬಿಟ್ಟು ಬರಬೇಕು. ಪಾಯಿಂಟ್ ಶಾಟ್ ಹೊಡೆದಾಗ ಸೆಂಟರ್ ರಿಂಗ್ ಕೆಳಗೆ ನಿಂತಿರಲಿಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ಟವೆಲ್ ಹೊದ್ದುಕೊಂಡು ಕೂತಿದ್ದ.

ಸೆಂಟರ್: ಸುಳ್ಳು.

ಸೆಂಟರ್: ಐದನೇದು ನನ್ನದಲ್ಲ. ಆ ರೆಫರಿ ಕೈ ಬೆರಳಲ್ಲಿ ತೋರಿಸಿದ ನಂಬರ್ ಬೇರೆ. ನೀನು ಬರೆದದ್ದು ಬೇರೆ.

ಸ್ಕೋರರ್: ನಾನು ಬರೆದದ್ದು ಬೇರೆ ಆಗಿದ್ದರೆ ಅವತ್ತೇ ಯಾಕೆ ಎದ್ದು ಹೊರಗೆ ಬಂದೆ?

ಸೆಂಟರ್: ಸರ್ ಕರೆದ್ರು ಅಂತ ಬಂದೆ.

ಕೋಚ್ ಸರ್: ನಾನು ಯಾರನ್ನೂ ಕರೆದಿಲ್ಲಪ್ಪ. ಶಿಸ್ತು ಅಂದರೆ ತೀರ್ಪು ಒಪ್ಪಿಕೊಳ್ಳುವುದು.

ಇಷ್ಟು ವರ್ಷ ಕಂಡವರ ಮುಂದೆಲ್ಲ ‘ನಾನು ಕೈ ಎತ್ತಿ ನಿಂತಿದ್ದೆ’ ಎಂದು ಹೇಳಿಕೊಂಡು ಬಂದವನ ಕಥೆ ಒಂದು ಕಾರ್ಬನ್ ಪ್ರತಿಯಲ್ಲಿ ಮುಗಿಯಿತಲ್ಲ ಎಂದು ನನಗೆ ಸ್ವಲ್ಪ ಕನಿಕರವೇ ಆಯಿತು. ಸೆಂಟರ್ ಬೇಕೆಂದೇ ಸುಳ್ಳು ಹೇಳಿದ್ದ ಎಂದು ನಾನು ನಂಬುವುದಿಲ್ಲ. ಅವನು ಅದನ್ನು ಕಂಡೇ ಇದ್ದಾನೆ, ಬೆಂಚಿನಿಂದ. ಆ ಖಾಲಿ ಜಾಗ ತನ್ನದಾಗಿರಬೇಕಿತ್ತು ಎಂದುಕೊಂಡು ಕಂಡಿದ್ದಾನೆ.

ಆದರೆ ಕಥೆ ಮುಗಿಯಲಿಲ್ಲ, ಕೈ ಬದಲಾಯಿಸಿತು ಅಷ್ಟೇ. ಶೀಟನ್ನು ಇನ್ನೂ ದೊಡ್ಡದು ಮಾಡಿ ನೋಡುತ್ತಿದ್ದವನು ಆರನೇ. ಅವನ ಹೆಸರಿನ ಮುಂದೆ ಆಟಕ್ಕೆ ಇಳಿದ ಗುರುತು ಇತ್ತು.

ಆರನೇ: ತಡಿ ತಡಿ. ಸೆಂಟರ್ ಹೊರಗೆ ಬಂದ ಮೇಲೆ ಅವನ ಜಾಗಕ್ಕೆ ಹೋದವನು ಯಾರು?

ಸ್ಕೋರರ್: ನೀನೇ. ಇನ್ಯಾರಿದ್ದರು?

ಆರನೇ: ಅಂದ್ರೆ ರಿಂಗ್ ಕೆಳಗೆ ನಿಂತಿದ್ದು ನಾನು.

ಕೋಚ್ ಸರ್: ಕೊನೇ ಕ್ವಾರ್ಟರ್ ಪೂರ್ತಿ ಬೆಂಚ್ ಮೇಲೆ ಕೂರಿಸಿದ್ರು ಅಂತ ಬೆಳಗ್ಗೆ ಬರೆದವನು ನೀನೇ ಅಲ್ವಾ?

ಆರನೇ: ಸರ್, ಅದು ಬೇರೆ ವಿಷಯ. ಪಾಯಿಂಟ್, ನೀನು ಪಾಸ್ ಕೊಡದೇ ಇದ್ದಿದ್ದು ನನಗೆ!

ಪಾಯಿಂಟ್: ಅಪ್ಪಾ ಮಹಾರಾಯ, ನಾನು ಹಾಕಿದ್ದು ಥಂಡರ್ ಬಗ್ಗೆ. 21ಕ್ಕೆ ಮೊದಲ ಪಂದ್ಯ, ಹ್ಯೂಸ್ಟನ್ ಮೇಲೆ. ಕಪ್ ಗೆದ್ದವರಿಗೆ ಉಂಗುರ ಕೊಡೋದು ಅವತ್ತೇ, ಅದೂ ಎದುರಿಗೆ ಡುರಾಂಟ್ ನಿಂತಿರುವಾಗ. ನಿಮಗೆಲ್ಲ 22ರ ಬೆಳಗ್ಗೆ 5 ಗಂಟೆ. ಯಾರ್ಯಾರು ಎದ್ದಿರ್ತೀರಿ?

ಆರನೇ: ಎಲ್ಲಾ ಎದ್ದಿರ್ತೀನಿ. ಮೊದಲು ಇದಕ್ಕೆ ಉತ್ತರ ಹೇಳು. ನಾನು ಕೈ ಎತ್ತಿದ್ದು ನೀನು ನೋಡಿದೆಯೋ ಇಲ್ಲವೋ?